ಸೋಮವಾರ ಕತ್ತರಿ ಹಾಕಿಸಬೇಡಿ

ನಮ್ಮ ಹೊಲಿಗೆ ಗುಂಪಿನಲ್ಲಿ ದಾವಣಗೆರೆಯ ತಂಗಿಯ ಪೋಸ್ಟ್ ಈಗಷ್ಟೇ ನೋಡಿದೆ, ಸ್ವಂತ ಕುರ್ತಾ ಬ್ರ್ಯಾಂಡ್ ಶುರು ಮಾಡ್ತಿದ್ದಾರೆ. ಬ್ರ್ಯಾಂಡ್ ಹೆಸರು ಫೈನಲ್, ಲೋಗೋ ರೆಡಿ, ನೇಯ್ದ ಲೇಬಲ್ ಎರಡು ಸಾವಿರ ಆರ್ಡರ್ ಕೊಟ್ಟಾಯ್ತು, ಗುಳೇದಗುಡ್ಡದ ಖಣದ ಬಟ್ಟೆ 280 ಮೀಟರ್ ಮನೆಗೆ ಬಂದಾಯ್ತು. ಆರು ಡಿಸೈನ್ ಕುರ್ತಾ, ಐದು ಸೈಜು, ಸೋಮವಾರ ಮಾಸ್ಟರ್ ಕಟಿಂಗ್ ಶುರು ಮಾಡ್ತಾರೆ, ದಸರಾಕ್ಕೆ ಲಾಂಚ್. ಕೇಳಿರೋದು ಒಂದೇ: ಒಳ್ಳೆ ಫೋಟೋಗ್ರಾಫರ್ ಯಾರಾದ್ರೂ ಇದ್ದಾರಾ? ಕೆಳಗೆ ಮೂವತ್ತು ಜನ 'ಆಲ್ ದಿ ಬೆಸ್ಟ್' ಹಾಕಿ ಹೋಗಿದ್ದಾರೆ. ನಾನು ಹಾಕಲ್ಲ. ತಾಯಿ, ಸೋಮವಾರ ಕತ್ತರಿ ಹಾಕಿಸಬೇಡಿ.

ಬೇಜಾರು ಮಾಡ್ಕೋಬೇಡಿ. 2019ರಲ್ಲಿ ನಾನೂ ಇದೇ ಬಟ್ಟೆ, ಇದೇ ಆತುರ. ಆಗ ಮೀಟರಿಗೆ 160ರಂತೆ 200 ಮೀಟರ್ ತಂದಿದ್ದೆ, 32,000 ರೂಪಾಯಿ. ಕುರ್ತಾಗೆ ಎರಡೂವರೆ ಮೀಟರ್, ಅಂದ್ರೆ ಎಂಬತ್ತು ಪೀಸು ಅಂತ ಡೈರಿಯಲ್ಲಿ ಬರೆದಿಟ್ಟಿದ್ದೆ. ಬಂದಿದ್ದು ಐವತ್ತೆಂಟು. ಯಾಕೆ ಅಂದ್ರೆ ಕಾಲೇಜಿನಲ್ಲಿ ಕಲಿತ ಲೆಕ್ಕವೆಲ್ಲ 44 ಇಂಚು ಪನ್ನದ್ದು (ಪನ್ನ ಅಂದ್ರೆ ಬಟ್ಟೆಯ ಅಗಲ), ನನ್ನ ಕೈಯಲ್ಲಿದ್ದ ಖಣದ ಪನ್ನ 31 ಇಂಚು. ಖಣ ಹುಟ್ಟಿದ್ದೇ ಕುಪ್ಪಸಕ್ಕೆ, ಕುರ್ತಾಕ್ಕಲ್ಲ. 44ರಲ್ಲಿ ಮುಂಭಾಗ ಇಟ್ಟ ಮೇಲೆ ಪಕ್ಕದಲ್ಲಿ ತೋಳು ಕೂರುತ್ತೆ. 31ರಲ್ಲಿ ಘೇರು (ಕುರ್ತಾದ ಕೆಳಗಿನ ಅಗಲ) 26 ಇಂಚು ತಗೊಂಡ್ರೆ ಉಳಿಯೋದು ಐದೇ ಇಂಚಿನ ಪಟ್ಟಿ. ಅದರಲ್ಲಿ ಕಾಲರ್ ಬರಬಹುದು, ತೋಳು ಬರಲ್ಲ. ಎರಡು ತೋಳನ್ನ ಅಕ್ಕಪಕ್ಕ ಇಡೋಣ ಅಂದ್ರೂ ಒಂದಿಂಚು ಸಾಲಲ್ಲ. ಹಾಗಾಗಿ ಪೀಸಿಗೆ 3.4 ಮೀಟರ್ ಎಳೀತು. 42ರ ಮೇಲಿನ ಸೈಜಿಗೆ ಪಕ್ಕಕ್ಕೆ ಕಲಿ (ಅಗಲಕ್ಕೆ ಜೋಡಿಸೋ ಪಟ್ಟಿ) ಬೇರೆ ಸೇರಿಸಬೇಕಾಯ್ತು. ಪವರ್‌ಲೂಮ್‌ನಲ್ಲಿ ಅಗಲದ ಖಣವೂ ಬರುತ್ತೆ. ನಿಮ್ಮದು ಯಾವುದು ಅಂತ ಪೋಸ್ಟ್‌ನಲ್ಲಿ ಬರೆದಿಲ್ಲ. ಈಗಲೇ ಎದ್ದು ಟೇಪ್ ಹಿಡಿರಿ. ಅಂಚು ಬಿಟ್ಟು ಎಷ್ಟು, ಅಂಚು ಸೇರಿ ಎಷ್ಟು, ಎರಡೂ ಬರೆದಿಡಿ.

ಪನ್ನದ ಕಥೆ ದುಡ್ಡಿನ ನಷ್ಟ ಅಷ್ಟೇ. ಮಾನ ಕಳೆದದ್ದು ತೇರು. ನಾನು ಆರಿಸಿದ್ದು ತೇರಿನ ಬುಟ್ಟಾ, ಅಂದ್ರೆ ಬಟ್ಟೆ ತುಂಬ ತೇರಿನ ಚಿತ್ತಾರ, ಅದಕ್ಕೆ ತಲೆ ಬುಡ ಇರುತ್ತೆ. ಮಾಸ್ಟರ್ ಟೇಬಲ್ ಮೇಲೆ ಥಾನನ್ನ (ಬಟ್ಟೆಯ ಪೂರ್ತಿ ಸುರುಳಿ) ಹೋಗ್ತಾ ಬರ್ತಾ ಮಡಚಿ ಪದರದ ಮೇಲೆ ಪದರ ಹಾಸಿದ್ರು, ಪ್ಲೇನ್ ಬಟ್ಟೆಗೆ ಎಲ್ಲರೂ ಹಾಕೋ ಹಾಗೆ. ಹಾಗೆ ಹಾಸಿದ್ರೆ ಒಂದು ಬಿಟ್ಟು ಒಂದು ಪದರ ತಲೆಕೆಳಗು. ಅದರ ಮೇಲೆ ಬಂಡಲ್‌ಗೆ ನಂಬರ್ ಚೀಟಿ ಅಂಟಿಸಿರಲಿಲ್ಲ, ಹೊಲಿಯೋರ ಹತ್ತಿರ ಪದರ ಕಲಸಿಹೋಯ್ತು. ಹದಿನಾಲ್ಕು ಕುರ್ತಾದಲ್ಲಿ ಮುಂದೆ ತೇರು ನೆಟ್ಟಗೆ, ಬೆನ್ನಿಗೆ ಉಲ್ಟಾ. ಇಸ್ತ್ರಿ ಮಾಡಿ, ಮಡಚಿ, ಕವರ್‌ಗೆ ಹಾಕೋವರೆಗೂ ನಮ್ಮಲ್ಲಿ ಒಬ್ಬರಿಗೂ ಕಾಣಲಿಲ್ಲ ನೋಡಿ. ಎಕ್ಸಿಬಿಷನ್ ಸ್ಟಾಲ್‌ನಲ್ಲಿ ಇಳಕಲ್ ಸೀರೆ ಉಟ್ಟ ಅಜ್ಜಿಯೊಬ್ಬರು ಹ್ಯಾಂಗರ್ ತಿರುಗಿಸಿ, 'ಯವ್ವಾ, ತೇರ ಪಲ್ಟಿ ಹೊಡದೈತಲ್ಲ' ಅಂದ್ರು. ಸುತ್ತ ಇದ್ದೋರೆಲ್ಲ ನಕ್ಕರು. ನಾನೂ ನಕ್ಕೆ, ಬೇರೇನು ಮಾಡೋದು. ಆ ಹದಿನಾಲ್ಕನ್ನೂ ಬಿಚ್ಚಿ ಕುಶನ್ ಕವರ್ ಮಾಡಿಸಿದೆ.

ಅದಕ್ಕೇ ಹೇಳೋದು, ಬುಟ್ಟಾಗೆ ದಿಕ್ಕಿದ್ರೆ ಎಲ್ಲ ಪದರವೂ ಒಂದೇ ದಿಕ್ಕು. ಪ್ರತಿ ಪದರಕ್ಕೂ ಬಟ್ಟೆ ಕತ್ತರಿಸಿ ವಾಪಸ್ ಮೊದಲ ತುದಿಯಿಂದ ಹಾಸಬೇಕು. ಮಾಸ್ಟರ್ ಗೊಣಗ್ತಾರೆ, ಗೊಣಗಲಿ. ಪದರದ ನಂಬರ್ ಚೀಟಿಯನ್ನ ಪ್ರತಿ ಭಾಗಕ್ಕೂ ಹಾಕಿಸಿ, ತೋಳಿಗೂ, ಕುತ್ತಿಗೆ ಒಳಪಟ್ಟಿಯ ಫೇಸಿಂಗ್‌ಗೂ.

ಇನ್ನು ಲೈನಿಂಗ್. ಈ ಗುಂಪಿನಲ್ಲಿ ಎಷ್ಟು ಸಲ ಬರೆದಿದ್ದೀನೋ ಲೆಕ್ಕವಿಲ್ಲ, ಆದರೂ ವಾರಕ್ಕೊಬ್ಬರು ಬಂದು 'ಕುರ್ತಾ ಒಗೆದ ಮೇಲೆ ಕೆಳಗಡೆ ಬಲೂನ್ ಥರ ಆಗಿದೆ' ಅಂತ ಫೋಟೋ ಹಾಕ್ತಾರೆ. ಮೇಲಿನ ಬಟ್ಟೆ ತೊಳೆದು ನೋಡ್ತೀರಿ, ಲೈನಿಂಗ್ ಮಾತ್ರ ಅಂಗಡಿಯಿಂದ ನೇರ ಹೊಲಿಗೆ ಮೆಷಿನ್‌ಗೆ. ನನ್ನದು ಕಾಟನ್ ಲೈನಿಂಗ್, ಮೊದಲ ಒಗೆತಕ್ಕೇ ಉದ್ದದಲ್ಲಿ ಎರಡಿಂಚು ಒಳಗೆ ಹೋಯ್ತು. ಖಣ ಅಷ್ಟು ಕುಗ್ಗಲಿಲ್ಲ. ಒಳಗಿನದು ಹೊರಗಿನದನ್ನ ಮೇಲಕ್ಕೆಳೆದು ಘೇರು ಉಬ್ಬಿ ನಿಂತಿತು. ಸಾಲದ್ದಕ್ಕೆ ಕೆಂಪು ಬಣ್ಣ ಬಿಟ್ಟು ಬಿಳಿ ಲೈನಿಂಗ್ ಕಂಕುಳ ಹತ್ತಿರ ಕುಂಕುಮ ನೀರು ಚೆಲ್ಲಿದ ಹಾಗೆ. ಹನ್ನೊಂದು ಜನ ಫೋನ್ ಮಾಡಿದ್ರು. ಹನ್ನೊಂದು ಜನಕ್ಕೂ ದುಡ್ಡು ವಾಪಸ್ ಕೊಟ್ಟೆ. ಅವರಲ್ಲಿ ನಾಲ್ಕು ಜನ ಇವತ್ತಿಗೂ ನನ್ನ ಗಿರಾಕಿಗಳು, ಅದು ಬೇರೆ ಮಾತು.

ಅಲ್ಲಿಂದ ಈಚೆಗೆ ನನ್ನ ಪದ್ಧತಿ ಹೀಗಿದೆ. ಎಷ್ಟೇ ಅರ್ಜೆಂಟ್ ಇದ್ರೂ ಬಿಡಲ್ಲ. ಥಾನಿನ ತುದಿ ಬಿಟ್ಟು ನಡುವಿನಿಂದ ಒಂದು ತುಂಡು, ಅದರಲ್ಲಿ ಅಳಿಸದ ಮಾರ್ಕರ್‌ನಿಂದ 50 ಸೆಂಟಿಮೀಟರ್ ಚೌಕ. ಹಾಸು (ಉದ್ದದ ಎಳೆ) ಯಾವ ಕಡೆ, ಹೊಕ್ಕು (ಅಡ್ಡ ಎಳೆ) ಯಾವ ಕಡೆ ಅಂತ ಬಾಣ ಹಾಕಿ. ಗಿರಾಕಿ ಹೇಗೆ ಒಗೀತಾರೋ ಹಾಗೇ ಮೂರು ಸಲ ಒಗೆದು ಒಣಗಿಸಿ. ಅವರು ಡ್ರೈಕ್ಲೀನ್ ಮಾಡ್ತಾರೆ ಅಂತ ಕನಸು ಕಾಣಬೇಡಿ, ಚೀಟಿ ಅಂಟಿಸಿದ್ರೂ ಬಕೆಟ್‌ಗೇ ಹಾಕೋದು. ಆಮೇಲೆ ಅಳೆಯಿರಿ. ಒಂದು ಸೆಂಟಿಮೀಟರ್ ಕಡಿಮೆ ಅಂದ್ರೆ ಎರಡು ಪರ್ಸೆಂಟ್. ಹಾಸಿನ ಕಡೆ ಎರಡೂವರೆ ಸೆಂಟಿಮೀಟರ್ ಹೋಯ್ತು ಅಂದ್ರೆ ಐದು ಪರ್ಸೆಂಟ್, 46 ಇಂಚಿನ ಕುರ್ತಾದಲ್ಲಿ 2.3 ಇಂಚು ಮಾಯ. ಲೈನಿಂಗ್‌ಗೂ ಇದೇ ಪರೀಕ್ಷೆ, ಪೈಪಿಂಗ್ ಬಟ್ಟೆಗೂ, ಫ್ಯೂಸಿಂಗ್ (ಬಿರುಸಿಗೆ ಒಳಗೆ ಅಂಟಿಸೋ ಬಟ್ಟೆ) ಅಂಟಿಸಿದ ತುಂಡಿಗೂ. ಹತ್ತಿಯದ್ದಾದ್ರೆ ಥಾನನ್ನೇ ರಾತ್ರಿಯಿಡೀ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ ಆಮೇಲೆ ಕಟಿಂಗ್. ಖಣದಲ್ಲಿ ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಸೇರಿದ್ರೆ ಹೊಳಪು ಹೋಗಬಹುದು, ಅದನ್ನ ಪೂರ್ತಿ ನೆನೆಸೋ ಮೊದಲು ತುಂಡು ಏನು ಹೇಳುತ್ತೆ ನೋಡಿ.

ಬಣ್ಣಕ್ಕೆ ಒದ್ದೆ ಬಿಳಿ ಬಟ್ಟೆಯಿಂದ ಹತ್ತು ಸಲ ಒತ್ತಿ ಉಜ್ಜಿ, ಇನ್ನೊಂದು ಒದ್ದೆ ಬಿಳಿ ತುಂಡು ಮೇಲಿಟ್ಟು ಇಸ್ತ್ರಿ ಹಾಕಿ. ಬಿಳಿ ಬಿಳಿಯಾಗೇ ಇದ್ರೆ ಸರಿ. 'ಉಪ್ಪು ಹಾಕಿ ನೆನೆಸಿದ್ರೆ ಬಣ್ಣ ನಿಲ್ಲುತ್ತೆ' ಅಂತ ಕೆಳಗೆ ಯಾರೋ ಬರೆದಿದ್ದಾರೆ. ಬಣ್ಣ ಹಾಕಿಸಿ ಆದ ಬಟ್ಟೆಗೆ ಉಪ್ಪು ಏನೂ ಮಾಡಲ್ಲ ಸ್ವಾಮಿ, ಅದನ್ನ ಸಾರಿಗೆ ಹಾಕ್ಕೊಳ್ಳಿ. ಬಿಡೋ ಬಣ್ಣ ಇದ್ರೆ ಲೈನಿಂಗ್ ಅದೇ ಬಣ್ಣದ್ದು ಹಾಕಿ, 'ಬೇರೆಯಾಗಿ ಒಗೆಯಿರಿ' ಅಂತ ಕನ್ನಡದಲ್ಲೇ ಚೀಟಿ ಬರೆಸಿ.

ಈಗ ನಿಮ್ಮ ಆರು ಡಿಸೈನ್ ಐದು ಸೈಜಿಗೆ ಬರೋಣ. ಅಂದ್ರೆ ಮೂವತ್ತು ಬಗೆ. ನಿಮ್ಮದೂ ಸಣ್ಣ ಪನ್ನವಾದ್ರೆ 280 ಮೀಟರಿಗೆ ಎಂಬತ್ತೆರಡು ಕುರ್ತಾ. ಒಂದೊಂದು ಬಗೆಗೆ ಮೂರು ಪೀಸೂ ಬರಲ್ಲ! ಒಂದು ಡಿಸೈನ್ ಚೆನ್ನಾಗಿ ಓಡಿತು ಅನ್ನಿ, 40ರ ಸೈಜು ಕೇಳಿದ್ರೆ ಮುಗಿದಿದೆ, 34 ಮಾತ್ರ ಹಾಗೇ ನೇತಾಡ್ತಿದೆ. ನನ್ನ ಅನುಭವದಲ್ಲಿ ಓಡೋದು 38, 40, 42. 44 ಇದೆಯಾ ಅಂತ ಕೇಳೋರೂ ಇದ್ದಾರೆ, 34 ಕೇಳೋ ಹುಡುಗಿಯರು ನಮ್ಮಂಥವರ ಹತ್ತಿರ ಕಡಿಮೆ. ಹಾಗಾಗಿ ಒಂದೇ ಕಟ್, ಎರಡು ಬಣ್ಣ. ಒಂದು ಕಟ್ ಅಂದ್ರೆ ಬಡತನ ಅಂದ್ಕೋಬೇಡಿ. ಹೆಗ್ಗೋಡಿನ ಹತ್ತಿರದ ಚರಕ ಸಹಕಾರ ಸಂಘದ ಹೆಂಗಸರು ನೇಯ್ದು, ನೈಸರ್ಗಿಕ ಬಣ್ಣ ಹಾಕಿ, 'ದೇಸಿ' ಹೆಸರಲ್ಲಿ ಮಾರೋ ಜುಬ್ಬಾ ದೂರದಿಂದಲೇ ಗುರುತು ಸಿಗುತ್ತಲ್ಲ, ಲೇಬಲ್ ತಿರುಗಿಸಿ ನೋಡ್ತೀವಾ? ಹೇಮಲತಾ ಜೈನ್ ಅವರು ಗಜೇಂದ್ರಗಡದ ಪಟ್ಟೇದ ಅಂಚು ಅನ್ನೋ ಹಳೇ ಸೀರೆ ಒಂದನ್ನೇ ಹಿಡಿದು ಅದಕ್ಕೆ ಮರುಜೀವ ಕೊಟ್ಟರು.

ಆ ಒಂದು ಕಟ್‌ನ್ನ ಮೊದಲು ಕೋರಾ (ಬಣ್ಣ ಹಾಕದ ಅಗ್ಗದ) ಬಟ್ಟೆಯಲ್ಲಿ 38ಕ್ಕೆ ಹೊಲಿಸಿ, ನಿಜವಾದ ಮನುಷ್ಯರಿಗೆ ಹಾಕಿಸಿ. ಬೊಂಬೆಗೆ ಹಾಕಿ ಪಿನ್ ಚುಚ್ಚಿದ್ರೆ ಎಲ್ಲ ಚೆನ್ನಾಗೇ ಕಾಣುತ್ತೆ. ಸ್ಕೂಟರ್ ಮೇಲೆ ಕೂರಿಸಿ, ಅಟ್ಟದ ಡಬ್ಬ ಇಳಿಸೋಕೆ ಹೇಳಿ, ಕೈ ಎತ್ತಿದಾಗ ಇಡೀ ಕುರ್ತಾ ಮೇಲೆ ಬಂದ್ರೆ ಕಂಕುಳ ಸುತ್ತು ತಪ್ಪು. ಖಣ ಒಂದು ಚೂರೂ ಎಳೆಯಲ್ಲ ಅನ್ನೋದು ನೆನಪಿರಲಿ. ಆಮೇಲೆ ಗ್ರೇಡಿಂಗ್, ಅಂದ್ರೆ ಒಂದು ಸೈಜಿನಿಂದ ಬೇರೆ ಸೈಜು ಮಾಡೋದು. ಎದೆಗೆ ಎರಡಿಂಚು ಏರಿಸಿದ್ರೆ ಭುಜಕ್ಕೂ ಅದೇ ಲೆಕ್ಕದಲ್ಲಿ ಏರಿಸೋ ಮಾಸ್ಟರ್‌ಗಳಿದ್ದಾರೆ. 42 ಹಾಕಿದ ಅಕ್ಕನ ಭುಜ ಮೊಣಕೈ ಕಡೆ ಜಾರೋದು ಅದಕ್ಕೇ. ಸೈಜಿನಿಂದ ಸೈಜಿಗೆ ಪೂರ್ತಿ ಭುಜಕ್ಕೆ ನಾನು ಅರ್ಧ ಇಂಚು ದಾಟಲ್ಲ.

ತಂದ 280 ಮೀಟರ್ ಏನು ಮಾಡೋದು ಅಂತೀರಾ? ಕೊಟ್ಟವರು ವಾಪಸ್ ತಗೊಳ್ಳಲ್ಲ, ಕೇಳಿ ನೋಡಿ ಆದರೂ. ನಾನಾದ್ರೆ ಪೂರ್ತಿ ಖಣದ ಕುರ್ತಾ ಕೈಬಿಡ್ತೀನಿ. ಮೈಗೆ ಪ್ಲೇನ್ ಕೈಮಗ್ಗದ ಕಾಟನ್, ಖಣ ಬರೀ ಯೋಕ್‌ಗೆ (ಭುಜ-ಎದೆಯ ಮೇಲಿನ ತುಂಡು), ತೋಳಿನ ತುದಿಗೆ, ಅದರ ಅಂಚು ಹಾಗೇ ಉಳಿಸಿಕೊಂಡು. ತೋಳಿಲ್ಲದ ಜಾಕೆಟ್‌ಗೆ 31 ಇಂಚು ಹೇಳಿ ಮಾಡಿಸಿದ ಪನ್ನ. ಆಗ ನಿಮ್ಮ ಹತ್ತಿರ ಇರೋದು ಎರಡು ವರ್ಷದ ಸ್ಟಾಕ್. ಮತ್ತೆ ತರೋವಾಗ ಗುಳೇದಗುಡ್ಡಕ್ಕೇ ಹೋಗಿ, ಕೈಮಗ್ಗವಾ ಪವರ್‌ಲೂಮಾ ಅಂತ ಮಗ್ಗದ ಮುಂದೆ ನಿಂತು ಕೇಳಿ, ಒಂದೇ ಲಾಟ್ ಬಣ್ಣ ತಗೊಳ್ಳಿ. ಎರಡನೇ ಲಾಟ್‌ನ ಕೆಂಪು ಮೊದಲನೇದರ ತಂಗಿ ಥರ ಇರುತ್ತೆ, ಅವಳಿ ಥರ ಅಲ್ಲ.

ರೇಟ್ ಬಗ್ಗೆ ಬರೆದೇ ಇಲ್ಲ ನೀವು, ಅದು ನನಗೆ ಇನ್ನೂ ಭಯ. ನನ್ನ ಆಗಿನ ಚೀಟಿ ಇನ್ನೂ ಇದೆ: ಬಟ್ಟೆ 544, ಲೈನಿಂಗ್ 135, ಹೊಲಿಗೆ 280, ಕಾಜಾ-ಬಟನ್-ದಾರ-ಫ್ಯೂಸಿಂಗ್ 45, ಇಸ್ತ್ರಿ-ಪ್ಯಾಕಿಂಗ್-ಲೇಬಲ್ 40. ಒಟ್ಟು 1,044. ಕೆಟ್ಟ ಪೀಸು, ಸ್ಯಾಂಪಲ್ಲು, ನನ್ನ ಸಂಬಳ ಯಾವುದೂ ಇದರಲ್ಲಿಲ್ಲ. ನಾನು 1,400 ಅಂತ ಬರೆದು ಖುಷಿಪಟ್ಟೆ. ಒಂದು ಬುಟೀಕ್‌ನವರು ಇಟ್ಕೋತೀವಿ ಅಂದ್ರು, 35 ಪರ್ಸೆಂಟ್ ಅವರಿಗೆ. ನನ್ನ ಕೈಗೆ 910. ಮಾರಿದಷ್ಟೂ ಪೀಸಿಗೆ 134 ರೂಪಾಯಿ ನಾನೇ ಕೈಯಿಂದ ಹಾಕ್ತಿದ್ದೆ, ಅದೂ ನಗುನಗ್ತಾ. ಬುಟೀಕ್ ಕಮಿಷನ್ ಕಳೆದ ಮೇಲೂ ಉಳಿಯೋ ರೇಟ್ ಮೊದಲೇ ಹಾಕಿ, ನೀವೇ ನೇರ ಮಾರಿದ್ರೂ ಅದೇ ರೇಟ್. ಇನ್‌ಸ್ಟಾಗ್ರಾಮ್‌ನಲ್ಲಿ ಕಡಿಮೆ ಹಾಕಿದ್ರೆ ಅಂಗಡಿಯವರು ಪೀಸೆಲ್ಲ ವಾಪಸ್ ಕಳಿಸ್ತಾರೆ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಪೀಸಿಗೆ 2,500ರವರೆಗೆ ಜಿಎಸ್‌ಟಿ 5 ಪರ್ಸೆಂಟ್, ದಾಟಿದ್ರೆ 18. 2,500ಕ್ಕೆ ತೆರಿಗೆ ಸೇರಿ 2,625. ಒಂದೇ ರೂಪಾಯಿ ಜಾಸ್ತಿ ಬರೆದ್ರೆ 2,951. ದುಬಾರಿ ಜಾಕೆಟ್ ಸೆಟ್ ಮಾಡೋರು ಈ ಗೆರೆ ನೋಡ್ಕೊಳ್ಳಿ. ಹೊರರಾಜ್ಯಕ್ಕೆ ಕಳಿಸೋ ಯೋಚನೆ ಇದ್ರೆ ವಹಿವಾಟು ಚಿಕ್ಕದು ಅಂತ ಸುಮ್ಮನಿರದೆ ಅಕೌಂಟೆಂಟ್ ಹತ್ರ ನೋಂದಣಿ ಮಾತಾಡಿ. ಉದ್ಯಮ್ (ಸಣ್ಣ ಉದ್ದಿಮೆಗಳ) ನೋಂದಣಿ ಸರ್ಕಾರಿ ಸೈಟ್‌ನಲ್ಲಿ ಉಚಿತ, ಮಾಡಿಸಿಕೊಡ್ತೀನಿ ಅಂತ ಸಾವಿರಾರು ಕೇಳೋರಿಗೆ ಕೈಮುಗಿರಿ.

ಎರಡು ಸಾವಿರ ಲೇಬಲ್ ಇನ್ನೂ ನೇಯ್ದಿಲ್ಲ ಅಂದ್ರೆ ಇವತ್ತೇ ಫೋನ್ ಮಾಡಿ ನಿಲ್ಲಿಸಿ. ಮೊದಲು ಟ್ರೇಡ್‌ಮಾರ್ಕ್ ಸೈಟ್‌ನಲ್ಲಿ ಉಡುಪಿನ 25ನೇ ವರ್ಗದಲ್ಲಿ ಹೆಸರು ಹುಡುಕಿ, ಹತ್ತಿರದ ಉಚ್ಚಾರಣೆಯದ್ದೂ ಹುಡುಕಿ. ನಿಮ್ಮ ಹೆಸರಲ್ಲೇ ಆನ್‌ಲೈನ್ ಅರ್ಜಿ ಹಾಕಿದ್ರೆ ಒಂದು ವರ್ಗಕ್ಕೆ 4,500. ಅರ್ಜಿ ಹಾಕಿದವರು ಟಿಎಂ ಅಂತ ಹಾಕ್ಕೋಬಹುದು, ವೃತ್ತದೊಳಗಿನ ಆರ್ ನೋಂದಣಿ ಕೈಗೆ ಬರೋವರೆಗೂ ಹಾಕಬಾರದು, ಅದು ಕಾನೂನು ಪ್ರಕಾರ ತಪ್ಪು. ನಿಮ್ಮ ಲೋಗೋ ಫೋಟೋದಲ್ಲಿ ಆ ಆರ್ ಆಗಲೇ ಇದೆ, ನೋಡಿದೆ!

ಮೆಷಿನ್ ಬಗ್ಗೆ ಕಾಮೆಂಟ್‌ನಲ್ಲಿ ಜಗಳ ನಡೀತಿದೆ, ನನ್ನದೂ ಒಂದು ಮಾತು ಇರಲಿ. ಕೈಯಲ್ಲಿ ದುಡ್ಡು ಕಡಿಮೆ ಇದ್ರೆ ಸೆಕೆಂಡ್‌ಹ್ಯಾಂಡ್ ಜೂಕಿ ಕಂಪನಿ ಮೆಷಿನ್, ಸರ್ವೋ ಮೋಟರ್ ಹಾಕಿಸ್ಕೊಂಡು. ಕ್ಲಚ್ ಮೋಟರ್ ಹೊಲಿಯದೇ ಇದ್ದಾಗಲೂ ಕರೆಂಟ್ ತಿಂತಾ ಗುಂಯ್ ಅಂತಿರುತ್ತೆ. ಹೊಸ ಜ್ಯಾಕ್ ಕೆಟ್ಟದೇನಲ್ಲ, ನಿಮ್ಮೂರಲ್ಲಿ ರಿಪೇರಿಯವರು ಯಾವುದಕ್ಕೆ ಸಿಗ್ತಾರೆ ಅದನ್ನ ತಗೊಳ್ಳಿ. ದಾರಕ್ಕೆ ಕೋಟ್ಸ್ ಅಥವಾ ವರ್ಧಮಾನ್, ಹೆಸರಿಲ್ಲದ ಕೋನ್ ಬೇಡ್ವೇ ಬೇಡ. ಖಣಕ್ಕೆ 11ನೇ ನಂಬರ್ ಸೂಜಿ, 14 ಹಾಕಿದ್ರೆ ಬಿಚ್ಚಿದಾಗ ತೂತು ಉಳಿಯುತ್ತೆ. ಜಿಪ್ ವೈಕೆಕೆ. ಅದರಲ್ಲಿ ಇಪ್ಪತ್ತು ರೂಪಾಯಿ ಉಳಿಸಿ ಪೂರ್ತಿ ಕುರ್ತಾ ವಾಪಸ್ ತಗೊಂಡಿದ್ದೀನಿ.

ಅಯ್ಯೋ, ಫೋಟೋಗ್ರಾಫರ್ ಕೇಳಿದ್ರಿ ಅಲ್ವಾ. ಮೊದಲ ಹತ್ತು ಪೀಸಿಗೆ ಬೇಡ. ಬೆಳಿಗ್ಗೆ ಎಂಟು-ಒಂಬತ್ತರ ಹೊತ್ತಿಗೆ ಕಿಟಕಿ ಪಕ್ಕ, ಟ್ಯೂಬ್‌ಲೈಟ್ ಆರಿಸಿ, ಫಿಲ್ಟರ್ ಹಾಕದೆ ಫೋನ್‌ನಲ್ಲೇ ತೆಗೆಯಿರಿ. ಮುಂದೆ, ಹಿಂದೆ, ಒಳಗಿನ ಹೊಲಿಗೆ, ಮೂರೂ ಹಾಕಿ. ಹಾಕಿಕೊಂಡವರ ಎತ್ತರ, ಹಾಕಿರೋ ಸೈಜು, ಕುರ್ತಾ ಉದ್ದ ಬರೆಯಿರಿ, ಅರ್ಧ ರಿಟರ್ನ್ ಅಲ್ಲೇ ನಿಲ್ಲುತ್ತೆ. ಅದಕ್ಕೂ ಮೊದಲು ಖಣದ ತುಂಡು, ಲೈನಿಂಗ್ ತುಂಡು ಎರಡನ್ನೂ ಇವತ್ತು ರಾತ್ರಿ ನೆನೆಹಾಕಿ. ಮೂರು ಒಗೆತ ಆದ ಮೇಲೆ ಟೇಪ್ ಇಟ್ಟು ಇಲ್ಲೇ ಫೋಟೋ ಹಾಕಿ, ಎಷ್ಟು ಬಿಟ್ಟುಕೊಂಡು ಕಟಿಂಗ್ ಮಾಡಿಸಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ. ಮಾಸ್ಟರ್‌ಗೆ ಸೋಮವಾರದ ಕೂಲಿ ಕೊಟ್ಟು ಕೋರಾ ಸ್ಯಾಂಪಲ್ ಮಾಡಿಸಿ.