ಪ್ರತಿಕ್ರಿಯೆ: ಚಿರತೆಗಾಗಿ ಕೂಡಿಸಿದ ಹಣ

ಮಾನ್ಯರೇ, ನಿಮ್ಮ ಯುವಕ ಮಂಡಲದ 40,000 ರೂಪಾಯಿಯನ್ನು ದೊಡ್ಡದೊಂದು ಹುಲಿ ನಿಧಿಗೆ ಕಳುಹಿಸಬೇಕೇ ಅಥವಾ ಹೆಬ್ರಿ ಕಡೆಯ ಚಿರತೆಗಳಿಗಾಗಿ ಕ್ಯಾಮೆರಾ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಹಣವನ್ನು ಇಲ್ಲಿಯೇ ಬಳಸಿ, ಆದರೆ ಕ್ಯಾಮೆರಾದ ಯೋಚನೆಯನ್ನು ಕೈಬಿಡಿ ಎಂಬುದು ನನ್ನ ಸಲಹೆ. ಚಿರತೆಯ ಎಡಮೈ ಮತ್ತು ಬಲಮೈಯ ಚುಕ್ಕೆಗಳ ವಿನ್ಯಾಸ ಒಂದೇ ಆಗಿರುವುದಿಲ್ಲವಾದ್ದರಿಂದ, ಒಂದೊಂದು ಪ್ರಾಣಿಯನ್ನೂ ಗುರುತಿಸಿ ಎಣಿಸಲು ಪ್ರತಿ ತಾಣದಲ್ಲೂ ದಾರಿಯ ಇಕ್ಕೆಲಗಳಲ್ಲಿ ಎರಡು ಕ್ಯಾಮೆರಾಗಳು ಬೇಕಾಗುತ್ತವೆ. ಅಭಯಾರಣ್ಯದೊಳಗೆ ಅವನ್ನು ಇಡಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು. ನಿಮ್ಮ ಮೊತ್ತ ಅದಕ್ಕೆ ಎಲ್ಲಿಗೂ ಸಾಲದು.

ರಾತ್ರಿ ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ತೋಟದ ಕಟ್ಟೆಯಿಲ್ಲದ ಬಾವಿಗೆ ಬೀಳುವುದು ನಮ್ಮ ಉಡುಪಿ ಜಿಲ್ಲೆಗೆ ಹೊಸತಲ್ಲ. ಬೆಳಗ್ಗೆ ನೀರು ಸೇದಲು ಹೋದ ಮನೆಯವರು ಗುರುಗುಟ್ಟುವ ಸದ್ದು ಕೇಳಿ ಹಿಂದಕ್ಕೆ ಓಡುತ್ತಾರೆ, ಊರೆಲ್ಲ ಬಾವಿಯ ಸುತ್ತ ನೆರೆಯುತ್ತದೆ, ಸಿಬ್ಬಂದಿ ಬಂದು ಬೋನು ಇಳಿಸುವಷ್ಟರಲ್ಲಿ ಪ್ರಾಣಿ ಈಜಿ ಈಜಿ ಸೋತಿರುತ್ತದೆ. ಕಾಡಂಚಿನ ಅಂತಹ ಒಂದೆರಡು ಬಾವಿಗಳಿಗಾದರೂ ಮುರಕಲ್ಲಿನ ಕಟ್ಟೆ ಕಟ್ಟಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿ. (ಮಕ್ಕಳು ಮತ್ತು ದನಗಳ ಸುರಕ್ಷತೆಯ ಮಾತೆತ್ತಿದರೆ ತೋಟದವರು ಬೇಗ ಒಪ್ಪುತ್ತಾರೆ.)

ಸಂಸ್ಥೆಯೊಂದಕ್ಕೇ ಕೊಡುವುದಾದರೆ ಬ್ಯಾಂಕಿನ ಮೂಲಕ ಕೊಡಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ದೊರೆಯುವುದಿಲ್ಲ.