ಹಯಸಿಂತ್ ನಿಜಕ್ಕೂ ಶ್ರೀಮಂತಳಾ?

ಬಿಬಿಸಿಯ ಹಾಸ್ಯ ಧಾರಾವಾಹಿ ‘ಕೀಪಿಂಗ್ ಅಪ್ ಅಪಿಯರೆನ್ಸಸ್’ (1990–95) ನೋಡಿ, ಅದರ ನಾಯಕಿ ಹಯಸಿಂತ್ ಶ್ರೀಮಂತಳಾ, ಇಲ್ಲದಿದ್ದರೆ ಅಷ್ಟು ಡೌಲು ಯಾಕೆ ಅಂತ ಕೇಳಿದ್ದೀರಿ. ಶ್ರೀಮಂತಳಲ್ಲ. ಗಂಡ ರಿಚರ್ಡ್ ಸ್ಥಳೀಯ ಕೌನ್ಸಿಲ್ (ನಮ್ಮ ನಗರಸಭೆಯಂಥದ್ದು) ನೌಕರ. ಮಧ್ಯಮ ವರ್ಗದ ಮನೆ ಅಷ್ಟೇ. ಆದರೆ ಇಂಗ್ಲೆಂಡಿನಲ್ಲಿ ವರ್ಗ ಅಂದರೆ ಬರೀ ದುಡ್ಡಲ್ಲ. ಮಾತಿನ ಧಾಟಿ, ಹುಟ್ಟಿದ ಮನೆ, ಕಾಫಿ ಕೊಡುವ ಕಪ್ಪು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದಕ್ಕೇ ಅವಳು ಕೌನ್ಸಿಲ್ ಕಡಿಮೆ ಬಾಡಿಗೆಗೆ ಕೊಡುವ ಮನೆಯಲ್ಲಿರುವ ಡೇಸಿ, ರೋಸ್ ಇಬ್ಬರನ್ನೂ ನೆರೆಯವರಿಂದ ಮುಚ್ಚಿಡಲು ಒದ್ದಾಡುತ್ತಾಳೆ. ಸ್ವಂತ ಒಡಹುಟ್ಟಿದವರು!

ಪಕ್ಕದ ಮನೆಯ ಎಲಿಜಬೆತ್ ಕೈ ಗಮನಿಸಿ. ರಾಯಲ್ ಡೌಲ್ಟನ್ ಎಂಬ ಹೆಸರಾಂತ ಕಂಪನಿಯ ಪಿಂಗಾಣಿ ಕಪ್ಪು ಎಲ್ಲಿ ಒಡೆಯುತ್ತೋ ಅಂತ ಹಯಸಿಂತ್ ಕಣ್ಣಿಟ್ಟಿರುತ್ತಾಳಲ್ವಾ, ಆ ಭಯಕ್ಕೇ ಕಾಫಿ ಚೆಲ್ಲುತ್ತದೆ. ನನಗೆ ಮಾತ್ರ ಡೇಸಿಯ ಗಂಡ ಆನ್ಸ್ಲೋ ಜಾಸ್ತಿ ಇಷ್ಟ. ಬನಿಯನ್‌ನಲ್ಲೇ ಕೂತು ಬಿಯರ್ ಕುಡಿಯುವ ಅವನಿಗೆ ಯಾರ ಮುಂದೆಯೂ ನಾಚಿಕೆಯಿಲ್ಲ.