ನೈಟ್‌ಕ್ಲಬ್ ತುಂಬಿದ್ದರೂ ನಷ್ಟವಾಗುವುದು ಹೇಗೆ?

ಶನಿವಾರ ರಾತ್ರಿ ಬಾಗಿಲ ಮುಂದೆ ಸಾಲು ನಿಂತಿರುತ್ತದೆ, ಒಂದು ಪೆಗ್ಗಿಗೆ ಅಂಗಡಿಯ ನಾಲ್ಕೈದು ಪಟ್ಟು ಬೆಲೆ ವಸೂಲಾಗುತ್ತದೆ, ಆದರೂ ನೈಟ್‌ಕ್ಲಬ್‌ಗಳು ಒಂದೊಂದಾಗಿ ಮುಚ್ಚುತ್ತಿರುವುದೇಕೆ ಎಂದು ಕೇಳಿದ್ದೀರಿ. ಹೊಸ ಪೀಳಿಗೆ ಕುಡಿಯುವುದನ್ನು ಬಿಟ್ಟಿದ್ದೇ ಕಾರಣವೇ ಎಂಬುದು ಎರಡನೆಯ ಪ್ರಶ್ನೆ. ಪರಿಚಯದವರೊಬ್ಬರು ಇಂಥದ್ದೊಂದು ಕ್ಲಬ್ಬಿಗೆ ಪಾಲುದಾರರಾಗಲು ಕರೆಯುತ್ತಿದ್ದಾರೆ ಎಂದೂ ಕೊನೆಯಲ್ಲಿ ಸೇರಿಸಿದ್ದೀರಿ. ನಾನು ಕ್ಲಬ್, ಬಾರ್‌ಗಳ ದಾಸ್ತಾನು ಎಣಿಸಿ ತಿಂಗಳ ಲೆಕ್ಕ ಕಟ್ಟಿಕೊಡುವವಳು. ಸಂಗೀತದ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಯಾರೂ ಕಿವಿಗೊಡಬೇಕಿಲ್ಲ. ಬಿಲ್ಲುಗಳ ವಿಷಯದಲ್ಲಿ ಕೊಡಬಹುದು.

ಕ್ಲಬ್ಬಿನ ಕೈಯಲ್ಲಿ ಮಾರಲು ಇರುವುದು ವಾರದ ಕೆಲವೇ ಗಂಟೆಗಳು. ಗ್ರಾಹಕರ ಹೊಸ ಅಭ್ಯಾಸಗಳು ನುಂಗಿರುವುದು ಆ ಗಂಟೆಗಳನ್ನೇ. ಬರುವವರ ಸಂಖ್ಯೆ ಒಂದಿಷ್ಟೂ ಇಳಿಯದಿದ್ದರೂ ಗಲ್ಲಾಪೆಟ್ಟಿಗೆ ಅರ್ಧಕ್ಕಿಳಿಯುವುದು ಹೀಗೆ.

ವಾರಕ್ಕೆ 168 ಗಂಟೆ. ಬಾಡಿಗೆ, ವಿಮೆ, ಪರವಾನಗಿ ಶುಲ್ಕ, ಧ್ವನಿವರ್ಧಕ ವ್ಯವಸ್ಥೆಗೆ ಮಾಡಿದ ಸಾಲದ ಬಡ್ಡಿ, ಇವೆಲ್ಲ ಅಷ್ಟೂ ಗಂಟೆ ಓಡುತ್ತಲೇ ಇರುತ್ತವೆ. ಗುರುವಾರ, ಶುಕ್ರವಾರ, ಶನಿವಾರ ರಾತ್ರಿ ಹತ್ತರಿಂದ ಮೂರರವರೆಗೆ ಬಾಗಿಲು ತೆರೆದರೆ ವ್ಯಾಪಾರಕ್ಕೆ ಸಿಗುವುದು 15 ಗಂಟೆ. ಗುರುವಾರದ ಆದಾಯ ಸಿಬ್ಬಂದಿಯ ಸಂಬಳಕ್ಕೆ ಸಾಕಾದರೆ ಪುಣ್ಯ. ಉಳಿದ ಎರಡು ರಾತ್ರಿಗಳಲ್ಲೂ ನಿಜವಾಗಿ ದುಡ್ಡು ಹುಟ್ಟುವುದು ಹನ್ನೆರಡರಿಂದ ಎರಡರ ನಡುವೆ. ಅಂದರೆ ನಾಲ್ಕು ಗಂಟೆಯ ದುಡಿಮೆ 168 ಗಂಟೆಯ ಖರ್ಚನ್ನು ಹೊರಬೇಕು. ಒಂದು ಶನಿವಾರ ಜೋರು ಮಳೆಯೋ ಸಾರಿಗೆ ಮುಷ್ಕರವೋ ಬಂದು ಕೆಟ್ಟರೆ ಆ ತಿಂಗಳ ಲಾಭದ ಆಸೆ ಬಿಡಬೇಕು. ಮಾರಾಟವಾಗದೆ ಹೋದ ಶನಿವಾರವನ್ನು ಸೋಮವಾರ ಮಾರಲಾಗುವುದಿಲ್ಲ.

ನಾಲ್ಕೈದು ಪಟ್ಟು ಬೆಲೆ ಎಂಬ ನಿಮ್ಮ ಮಾತು ಸರಿ. ತೆರಿಗೆ ಕಳೆದು ಬಾರಿನಲ್ಲಿ 100 ಬಂದರೆ, ಅದರಲ್ಲಿ ಮದ್ಯದ ಖರೀದಿಗೆ ಹೋಗುವುದು 20ರ ಆಸುಪಾಸು. ಮೇಲುನೋಟಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇನ್ನೊಂದಿಲ್ಲ. ಆದರೆ ಉಳಿದ 80ರ ಮೇಲೆ ಬಾಡಿಗೆಯಿಂದ ಹಿಡಿದು ಬೌನ್ಸರುಗಳವರೆಗೆ ಎಲ್ಲರ ಕಣ್ಣೂ ಇದೆ. ಆ 20 ಕೂಡ ಕಾಗದದ ಮೇಲೆ ಇದ್ದಂತೆ ಇರುವುದಿಲ್ಲ. ದಾಸ್ತಾನು ಎಣಿಸುವಾಗ ನಾವು ತೆರೆದ ಬಾಟಲಿಗಳನ್ನೆಲ್ಲ ಕೌಂಟರಿನ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ಸಣ್ಣ ತಕ್ಕಡಿಗೆ ಏರಿಸಿ, ಅದೇ ಬ್ರಾಂಡಿನ ಖಾಲಿ ಬಾಟಲಿಯ ತೂಕವನ್ನು ಕಳೆಯುತ್ತೇವೆ. 750 ಮಿಲಿಲೀಟರಿನ ಬಾಟಲಿಯಲ್ಲಿ 30 ಮಿಲಿಲೀಟರಿನ 25 ಪೆಗ್ಗುಗಳಿರಬೇಕು. ಅಳತೆ ಲೋಟ ಬಿಟ್ಟು ಕೈಯಂದಾಜಿನಲ್ಲಿ ಸುರಿಯುವ ಬಾರ್‌ಟೆಂಡರನ ಕೈಯಲ್ಲಿ 30 ಎಂಬುದು 35 ಆದರೆ, 21 ಪೆಗ್ಗಿಗೇ ಬಾಟಲಿ ಮುಗಿಯುತ್ತದೆ. ಪ್ರತಿ ಬಾಟಲಿಗೆ ನಾಲ್ಕು ಪೆಗ್ಗು ಗಾಳಿಗೆ ಹೋದಂತೆ. ಕಳ್ಳತನವೇ ಆಗಬೇಕೆಂದಿಲ್ಲ, ಗದ್ದಲ, ಕತ್ತಲು, ಅವಸರ, ಮೇಲೊಂದಿಷ್ಟು ಟಿಪ್ಸಿನ ಆಸೆ ಇದ್ದರೆ ಸಾಕು.

ಟಿಕೆಟ್ ಹಣ ಎಲ್ಲಿ ಹೋಯಿತು ಎನ್ನುತ್ತೀರಾ? ಹೆಸರಾಂತ ಡಿಜೆಯೊಬ್ಬರನ್ನು ಕರೆಸುವಾಗ ಮೊದಲೇ ಖಾತರಿ ಮೊತ್ತವೊಂದನ್ನು ಒಪ್ಪಿಕೊಳ್ಳಬೇಕು. ಬಾಗಿಲಿನ ಆದಾಯದಲ್ಲಿ ಇಂತಿಷ್ಟು ಪಾಲು ಅದಕ್ಕಿಂತ ಹೆಚ್ಚಾದರೆ ಆ ಪಾಲನ್ನು ಕೊಡಬೇಕು ಎಂಬ ಷರತ್ತೂ ಅನೇಕ ಒಪ್ಪಂದಗಳಲ್ಲಿರುತ್ತದೆ. ವಿಮಾನ, ಹೋಟೆಲು ಬೇರೆ. ರಾತ್ರಿ ಕೆಟ್ಟರೆ ನಷ್ಟ ಕ್ಲಬ್ಬಿನದು, ಚೆನ್ನಾದರೆ ಹೆಚ್ಚಿನ ಪಾಲು ಕಲಾವಿದರದು. ಹಾಗಾಗಿ ಬಹಳಷ್ಟು ಕಡೆ ಪ್ರವೇಶ ಶುಲ್ಕ ಎಂಬುದು ಬಾಗಿಲಲ್ಲಿ ಬಂದು ಬಾಗಿಲಲ್ಲೇ ಹೋಗುವ ಹಣ. ಕ್ಲಬ್ಬು ಬದುಕುವುದು ಬಾರಿನಿಂದ.

ಬಾರಿನಿಂದ ಬದುಕಬೇಕೆಂದರೆ ಜನ ಒಳಗಿರಬೇಕು, ಅದೂ ಹೆಚ್ಚು ಹೊತ್ತು. ಇಲ್ಲೇ ಗಂಟು ಬಿದ್ದಿರುವುದು. 600 ಜನ ಹಿಡಿಸುವ ಒಂದು ಕ್ಲಬ್ಬನ್ನು ಊಹಿಸಿಕೊಳ್ಳಿ, ಆರು ಬಾರ್‌ಟೆಂಡರುಗಳು. ಒಂದು ಸಾದಾ ಡ್ರಿಂಕು ಸುರಿದು, ಐಸು ಹಾಕಿ, ಹಣ ಪಡೆಯಲು 40 ಸೆಕೆಂಡು ಎಂದರೆ ಒಬ್ಬರಿಗೆ ಗಂಟೆಗೆ 90, ಆರು ಜನರಿಗೆ 540. ಜನ ಹತ್ತರಿಂದ ಬರತೊಡಗಿ ಮೂರರವರೆಗೆ ಇದ್ದರೆ ಬಾರಿನ ಸಾಮರ್ಥ್ಯ 2,700 ಡ್ರಿಂಕು. ತಲೆಗೆ ನಾಲ್ಕು ಆರಾಮವಾಗಿ ಮಾರಬಹುದು. ಅದೇ 600 ಜನ ಹನ್ನೆರಡಕ್ಕೆ ಒಟ್ಟಿಗೆ ನುಗ್ಗಿ ಎರಡಕ್ಕೆ ಹೊರಟರೆ? ಯಾರೊಬ್ಬರೂ ಒಂದು ಕ್ಷಣ ಸುಮ್ಮನಿರದೆ ಸುರಿದರೂ 1,080. ತಲೆಗೆ ಎರಡು ಕೂಡ ಇಲ್ಲ. ಕುಡಿಯಲು ಮನಸ್ಸಿದೆ, ಜೇಬಿನಲ್ಲಿ ಹಣವೂ ಇದೆ, ಆದರೆ ಮೂರು ಸಾಲು ಜನರ ಹಿಂದೆ ಕೈಯೆತ್ತಿ ನಿಂತು ಬೇಸತ್ತು ಕುಣಿಯಲು ಹೋಗುತ್ತಾರೆ. ಇನ್ನಿಬ್ಬರು ಬಾರ್‌ಟೆಂಡರುಗಳನ್ನು ನಿಲ್ಲಿಸೋಣವೆಂದರೆ ಕೌಂಟರಿನ ಉದ್ದ ಹೆಚ್ಚುವುದಿಲ್ಲ. ಇದರ ಮೇಲೆ ಕಾಕ್‌ಟೇಲಿನ ಶೋಕಿ. ಬೆಲೆ ಹೆಚ್ಚು ನಿಜ, ಆದರೆ ಕಲಕಿ ಸೋಸಿ ಅಲಂಕರಿಸಲು ಎರಡು ಮೂರು ನಿಮಿಷ ಹಿಡಿಯುವ ಗ್ಲಾಸೊಂದು ಆ ಹೊತ್ತಿನಲ್ಲಿ ನಾಲ್ಕು ಸಾದಾ ಡ್ರಿಂಕುಗಳನ್ನು ತಡೆದು ನಿಲ್ಲಿಸುತ್ತದೆ.

ಜನ ತಡವಾಗಿ ಬರುವುದೇಕೆ? ಮೊದಲನೆಯದು, ಮನೆಯಲ್ಲೇ ಕುಡಿದು ಬರುವ ಅಭ್ಯಾಸ. ಅಂಗಡಿಯ ಬೆಲೆಗೂ ಬಾರಿನ ಬೆಲೆಗೂ ಅಂತರ ಬೆಳೆದಷ್ಟೂ ಇದು ಗಟ್ಟಿಯಾಗುತ್ತದೆ. ಕ್ಲಬ್ಬುಗಳು ನಷ್ಟ ತುಂಬಿಕೊಳ್ಳಲು ಬೆಲೆ ಏರಿಸುತ್ತವೆ, ಏರಿಸಿದಷ್ಟೂ ಗ್ರಾಹಕ ಮನೆಯಲ್ಲಿ ಇನ್ನೊಂದು ಗ್ಲಾಸು ಹೆಚ್ಚು ಕುಡಿದು ಇನ್ನರ್ಧ ಗಂಟೆ ತಡವಾಗಿ ಹೊರಡುತ್ತಾನೆ. ಎರಡನೆಯದು ಮೊಬೈಲು. ಹಿಂದೆ ಒಳಗೆ ಹೇಗಿದೆ ಎಂದು ತಿಳಿಯಲು ಒಳಗೇ ಹೋಗಬೇಕಿತ್ತು. ಈಗ ಯಾರೋ ಹಾಕಿದ ಹದಿನೈದು ಸೆಕೆಂಡಿನ ವೀಡಿಯೊ ನೋಡಿ, ನೆಲ ಖಾಲಿಯಿದ್ದರೆ ಇನ್ನೂ ಹೊತ್ತಿದೆ ಎಂದು ಸೋಫಾದಲ್ಲೇ ಕೂರುತ್ತಾರೆ. ಎಲ್ಲರೂ ಹಾಗೆಯೇ ಕೂತರೆ ನೆಲ ಖಾಲಿಯೇ ಇರುತ್ತದೆ. ಹನ್ನೊಂದರೊಳಗೆ ಬಂದವರಿಗೆ ಉಚಿತ ಪ್ರವೇಶ, ಒಳಗೆ ಜಾಗವಿದ್ದರೂ ಹೊರಗೆ ಸಾಲು ನಿಲ್ಲಿಸುವ ಚಾಳಿ, ಇವೆಲ್ಲ ಈ ಕಾಯಿಲೆಗೆ ಹಚ್ಚುವ ಮುಲಾಮುಗಳು.

ಮೂರನೆಯದನ್ನು ಕ್ಲಬ್ ಮಾಲೀಕರು ಬಾಯಿಬಿಟ್ಟು ಹೇಳುವುದು ಕಡಿಮೆ. ಜನ ಅಲ್ಲಿಗೆ ಬರುತ್ತಿದ್ದುದರಲ್ಲಿ ಜೊತೆ ಹುಡುಕುವುದೂ ದೊಡ್ಡ ಕಾರಣವಾಗಿತ್ತು. ಸ್ಟ್ಯಾನ್‌ಫರ್ಡ್‌ನ ಸಮಾಜಶಾಸ್ತ್ರಜ್ಞ ಮೈಕೆಲ್ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2017ರಲ್ಲಿ ಜೊತೆಯಾದ ಗಂಡು-ಹೆಣ್ಣು ಜೋಡಿಗಳಲ್ಲಿ ಸುಮಾರು 39 ಪ್ರತಿಶತ ಆನ್‌ಲೈನಿನಲ್ಲಿ ಭೇಟಿಯಾದವು. ಅಪರಿಚಿತರ ನಡುವೆ ಗಂಟೆಗಟ್ಟಲೆ ಸುತ್ತಾಡುತ್ತ, ಧೈರ್ಯಕ್ಕೊಂದು, ಸೋತದ್ದಕ್ಕೊಂದು ಎಂದು ಡ್ರಿಂಕು ಕೊಳ್ಳುತ್ತಿದ್ದ ಗ್ರಾಹಕ ಈಗ ಜೋಡಿಯಾಗಿಯೇ ಬರುತ್ತಾನೆ, ಒಂದೂವರೆ ಗಂಟೆ ಇದ್ದು ಹೋಗುತ್ತಾನೆ.

ಗಂಟೆಗಳ ಲೆಕ್ಕ ಕ್ಲಬ್ಬನ್ನು ಹೇಗೆ ಮುಳುಗಿಸುತ್ತದೆ ಎಂಬುದಕ್ಕೆ ಬ್ರಿಟನ್ನಿಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಅಲ್ಲಿ ಸಾಮಾನ್ಯ ಪಬ್ಬುಗಳು ರಾತ್ರಿ ಹನ್ನೊಂದಕ್ಕೆ ಮುಚ್ಚುತ್ತಿದ್ದವು. ಇನ್ನೂ ಕುಡಿಯಬೇಕು ಎನ್ನುವವರು, ಸಂಗೀತ ಇಷ್ಟವಿರಲಿ ಬಿಡಲಿ, ಶುಲ್ಕ ಕೊಟ್ಟು ಕ್ಲಬ್ಬಿಗೆ ಹೋಗುತ್ತಿದ್ದರು. 2003ರ ಪರವಾನಗಿ ಕಾಯ್ದೆ 2005ರ ನವೆಂಬರಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಗೆ ಬಂದ ಮೇಲೆ ಪಬ್ಬುಗಳಿಗೂ ತಡರಾತ್ರಿಯವರೆಗೆ ತೆರೆಯುವ ಅವಕಾಶ ಸಿಕ್ಕಿತು. ಮೂಲೆಯಲ್ಲೊಬ್ಬ ಡಿಜೆಯನ್ನು ಕೂರಿಸಿ, ಪ್ರವೇಶ ಉಚಿತ ಎಂದು ಬೋರ್ಡು ಹಾಕಿದರೆ ಮುಗಿಯಿತು. ಉದ್ಯಮ ಸಂಘಟನೆಯೊಂದರ ಎಣಿಕೆಯಂತೆ ಬ್ರಿಟನ್ನಿನಲ್ಲಿ 2005ರಲ್ಲಿ 3,144 ಇದ್ದ ಕ್ಲಬ್ಬುಗಳು 2015ಕ್ಕೆ 1,733ಕ್ಕೆ ಇಳಿದವು. ನಡುವೆ 2007ರ ಧೂಮಪಾನ ನಿಷೇಧ, 2008ರ ಆರ್ಥಿಕ ಕುಸಿತ ಇದ್ದವು, ಒಪ್ಪುತ್ತೇನೆ. ಆದರೆ ಹನ್ನೊಂದರ ನಂತರದ ಏಕಸ್ವಾಮ್ಯ ಕೈತಪ್ಪಿದ್ದೇ ಬುಡಕ್ಕೆ ಬಿದ್ದ ಪೆಟ್ಟು ಎಂಬುದು ನನ್ನ ನಂಬಿಕೆ.

ಇನ್ನು ಹೊಸ ಪೀಳಿಗೆ ಕುಡಿಯುವುದಿಲ್ಲ ಎಂಬ ದೂರು. ಹಲವು ದೇಶಗಳಲ್ಲಿ ಇಪ್ಪತ್ತರ ಆಸುಪಾಸಿನವರು ಹಿಂದಿನವರಿಗಿಂತ ಕಡಿಮೆ ಕುಡಿಯುತ್ತಿರುವುದು ನಿಜ. ಆದರೆ ಕುಡಿಯದ ಜನರಿಂದ ತುಂಬಿ ತುಳುಕಿ ನಷ್ಟಕ್ಕೆ ಬಿದ್ದ ಕ್ಲಬ್ಬು ಹೊಸದೇನಲ್ಲ. ಮ್ಯಾಂಚೆಸ್ಟರಿನ ಹಸಿಯೆಂಡಾ 1982ರಲ್ಲಿ ತೆರೆಯಿತು. ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ಮತ್ತು ನ್ಯೂ ಆರ್ಡರ್ ಎಂಬ ಸಂಗೀತ ತಂಡದ ದುಡ್ಡು ಅದರಲ್ಲಿತ್ತು. 1980ರ ದಶಕದ ಕೊನೆಯಲ್ಲಿ ಹೌಸ್ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತದ ಅಲೆಯಲ್ಲಿ ಅದು ಜಗತ್ಪ್ರಸಿದ್ಧವಾಯಿತು, ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ಅಲೆಯ ಜೊತೆಗೆ ಬಂದದ್ದು ಎಕ್ಸ್‌ಟಸಿ ಎಂಬ ಮಾದಕ ಗುಳಿಗೆ. ಅದನ್ನು ನುಂಗಿದವರು ಬೆಳಗಿನವರೆಗೆ ಕುಣಿಯುತ್ತಿದ್ದರು, ಕುಡಿಯುತ್ತಿದ್ದುದು ನೀರು. ಗುಳಿಗೆಯ ಹಣ ಮಾರಾಟಗಾರನ ಜೇಬಿಗೆ, ಅದರಿಂದಾದ ಪೊಲೀಸ್, ಭದ್ರತೆಯ ತಲೆನೋವು ಕ್ಲಬ್ಬಿಗೆ. 1997ರಲ್ಲಿ ಅದು ಮುಚ್ಚಿತು. ಇಂದಿನ ಕುಡಿಯದ ಗ್ರಾಹಕ ಅದಕ್ಕಿಂತ ಎಷ್ಟೋ ಮೇಲು. ಆಲ್ಕೊಹಾಲ್ ಇಲ್ಲದ ಬಿಯರನ್ನೋ ಮಾಕ್‌ಟೇಲನ್ನೋ ಒಳ್ಳೆಯ ಬೆಲೆಗೆ ಕೊಳ್ಳುತ್ತಾನೆ, ಜಗಳವಾಡುವುದಿಲ್ಲ, ವಾಂತಿ ಮಾಡುವುದಿಲ್ಲ. ಅವನಿಗೆ ಮಾರಲು ಏನನ್ನೂ ಸಿದ್ಧಪಡಿಸದೆ ಡಬ್ಬದ ಹಣ್ಣಿನ ರಸ ಚಾಚಿದರೆ ಅದು ಅವನ ತಪ್ಪಲ್ಲ.

ಈ ಸಂಕಟಕ್ಕೆ ಉದ್ಯಮ ಕಂಡುಕೊಂಡ ದೊಡ್ಡ ಉತ್ತರ ಟೇಬಲ್ಲು. ಲಾಸ್ ವೇಗಸ್ ಇದನ್ನು ಪರಾಕಾಷ್ಠೆಗೆ ಮುಟ್ಟಿಸಿತು. ಕುಣಿಯುವ ನೆಲದ ಸುತ್ತ ಸೋಫಾಗಳು, ಒಂದೊಂದಕ್ಕೂ ಕನಿಷ್ಠ ಇಂತಿಷ್ಟು ಖರ್ಚು ಮಾಡಲೇಬೇಕೆಂಬ ನಿಯಮ. ಗಂಟೆಗಳು ಕಡಿಮೆಯಾದರೇನು, ಚದರ ಅಡಿಗೆ ಬರುವ ಹಣ ಹೆಚ್ಚಿಸೋಣ ಎಂಬ ತರ್ಕ. ಬಾಟಲಿಯ ಕುತ್ತಿಗೆಗೆ ಸುರುಸುರು ಬತ್ತಿ ಹಚ್ಚಿ ಮೆರವಣಿಗೆಯಲ್ಲಿ ತರುವುದನ್ನು ನೋಡಿರುತ್ತೀರಿ. ಅದು ಕೊಂಡವನಿಗಾಗಿ ಉರಿಯುವುದಿಲ್ಲ, ಪಕ್ಕದ ಟೇಬಲ್ಲಿನವನು ತಾನೇನು ಕಡಿಮೆ ಎಂದು ಕೈಯೆತ್ತಲಿ ಎಂದು ಉರಿಯುತ್ತದೆ. ಬಾರ್‌ಟೆಂಡರನ ವೇಗದ ಸಮಸ್ಯೆಯೂ ಇದರಿಂದ ತೀರಿತು, ಏಕೆಂದರೆ ಬಾಟಲಿ ಕೊಟ್ಟ ಮೇಲೆ ಸುರಿದುಕೊಳ್ಳುವುದು ಟೇಬಲ್ಲಿನವರ ಕೆಲಸ. ತೊಂದರೆಯೆಂದರೆ ರಾತ್ರಿಯ ಅರ್ಧ ಆದಾಯ ಹತ್ತು ಹನ್ನೆರಡು ಜನರ ಹುಮ್ಮಸ್ಸಿಗೆ ಜೋತುಬೀಳುತ್ತದೆ. ಪಕ್ಕದಲ್ಲಿ ಹೊಸ ಕ್ಲಬ್ಬು ತೆರೆದ ವಾರವೇ ಅವರು ಅಲ್ಲಿರುತ್ತಾರೆ. ಸುಮ್ಮನೆ ಕುಣಿಯಲು ಬರುತ್ತಿದ್ದವರು ಜಾಗ ಸಾಲದೆ ಅಷ್ಟರಲ್ಲಿ ದೂರವಾಗಿರುತ್ತಾರೆ.

ಬರ್ಲಿನ್ ಹಿಡಿದದ್ದು ಇದಕ್ಕೆ ವಿರುದ್ಧ ದಾರಿ. ಪಶ್ಚಿಮ ಬರ್ಲಿನ್ 1949ರಲ್ಲೇ ಮುಚ್ಚುವ ಸಮಯದ ನಿರ್ಬಂಧ ತೆಗೆದುಹಾಕಿತ್ತು. ಬರ್ಗ್‌ಹೈನ್‌ನಂಥ ಕ್ಲಬ್ಬು ಶನಿವಾರ ರಾತ್ರಿ ತೆರೆದರೆ ಸೋಮವಾರ ಬೆಳಗಿನವರೆಗೂ ನಡೆಯುತ್ತದೆ. ಎಲ್ಲರೂ ಒಮ್ಮೆಲೇ ನುಗ್ಗುವ ಪ್ರಮೇಯವಿಲ್ಲ. ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರು ಅಂಟಿಸಿಯೇ ಒಳಗೆ ಬಿಡುತ್ತಾರೆ, ಹಾಗಾಗಿ ಮನೆಯಲ್ಲಿ ಕೂತು ಇಣುಕುವ ದಾರಿಯೂ ಇಲ್ಲ. ಅಲ್ಲಿಯ ತೆರಿಗೆ ನ್ಯಾಯಾಲಯಗಳು ಟೆಕ್ನೊ ಡಿಜೆಗಳ ರಾತ್ರಿಯನ್ನು ಸಂಗೀತ ಕಛೇರಿಗೆ ಸಮನೆಂದು ಕಂಡು, ಟಿಕೆಟ್ಟಿಗೆ 19ರ ಬದಲು 7 ಪ್ರತಿಶತ ತೆರಿಗೆಗೆ ದಾರಿ ಮಾಡಿಕೊಟ್ಟವು. ಇಷ್ಟೆಲ್ಲ ಅನುಕೂಲವಿದ್ದೂ 2002ರಿಂದ ನಡೆಯುತ್ತಿದ್ದ ವಾಟರ್‌ಗೇಟ್ ಎಂಬ ಕ್ಲಬ್ಬು 2024ರ ಕೊನೆಗೆ ಬಾಗಿಲು ಹಾಕಿತು. ಬಾಡಿಗೆ ಏರುತ್ತಲೇ ಹೋದರೆ ಸೋಮವಾರ ಬೆಳಗಿನವರೆಗೆ ತೆರೆದಿಟ್ಟರೂ ಕ್ಲಬ್ಬು ಉಳಿಯುವುದಿಲ್ಲ.

ಇತ್ತೀಚಿನ ಪ್ರಯೋಗಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಹಗಲಿನ ಪಾರ್ಟಿ. ಮಧ್ಯಾಹ್ನ ಎರಡಕ್ಕೆ ಆರಂಭ, ರಾತ್ರಿ ಒಂಬತ್ತಕ್ಕೆ ಮುಕ್ತಾಯ. ಕ್ಲಬ್ಬುಗಳು ಕೈಬಿಟ್ಟ ಮೂವತ್ತು, ನಲವತ್ತರ ವಯಸ್ಸಿನವರು ಇದಕ್ಕೆ ಬರುತ್ತಾರೆ. ಮಕ್ಕಳಿರುವ ಜನ, ಮೊದಲೇ ಟಿಕೆಟ್ ತೆಗೆದಿಡುತ್ತಾರೆ, ಹೇಳಿದ ಹೊತ್ತಿಗೆ ಬರುತ್ತಾರೆ, ಒಳ್ಳೆಯದನ್ನೇ ಕುಡಿಯುತ್ತಾರೆ. ಹೇಗೂ ತೆತ್ತಿರುವ ಬಾಡಿಗೆಯ ಸತ್ತ ಗಂಟೆಗಳು ಇದರಿಂದ ದುಡಿಯತೊಡಗುತ್ತವೆ, ಒಂಬತ್ತಕ್ಕೆ ನೆಲ ಒರೆಸಿ ರಾತ್ರಿಯ ವ್ಯಾಪಾರವನ್ನೂ ಮಾಡಬಹುದು. ಲಂಡನ್ನಿನಲ್ಲಿ 2013ರಲ್ಲಿ ಶುರುವಾದ ಮಾರ್ನಿಂಗ್ ಗ್ಲೋರಿವಿಲ್ ಇನ್ನೂ ಮುಂದೆ ಹೋಗಿ, ಕಚೇರಿಗೆ ಹೋಗುವ ಮೊದಲು ಮದ್ಯವಿಲ್ಲದೆ ಕುಣಿಯುವ ಬೆಳಗಿನ ಪಾರ್ಟಿ ನಡೆಸಿತು. ಅದು ಎಲ್ಲರಿಗೂ ಒಗ್ಗುವ ವ್ಯಾಪಾರವಲ್ಲ, ಆದರೆ ಗಡಿಯಾರದ ಮೇಲೆ ಕಣ್ಣಿಟ್ಟವರ ಯೋಚನೆ.

ಈಗ ನಿಮ್ಮ ಪಾಲುದಾರಿಕೆ. ಪರಿಚಯದವರು ತಿಂಗಳ ಒಟ್ಟು ಮಾರಾಟ ತೋರಿಸುತ್ತಾರೆ, ಅದನ್ನು ಬದಿಗಿಡಿ. ಕಳೆದ ಒಂದು ವರ್ಷದ ಶುಕ್ರವಾರ, ಶನಿವಾರಗಳ ಗಂಟೆವಾರು ಬಿಲ್ಲಿಂಗ್ ವರದಿ ಕೇಳಿ. ಬಿಲ್ಲಿಂಗ್ ಯಂತ್ರದಿಂದ ಅದನ್ನು ತೆಗೆಯಲು ಐದು ನಿಮಿಷ ಸಾಕು. ಹನ್ನೊಂದಕ್ಕಿಂತ ಮೊದಲಿನ ಪಾಲು ತಿಂಗಳಿಂದ ತಿಂಗಳಿಗೆ ಕರಗುತ್ತಿದೆಯೇ ನೋಡಿ. ಟೇಬಲ್ ಆದಾಯದಲ್ಲಿ ಅತಿ ಹೆಚ್ಚು ಖರ್ಚು ಮಾಡುವ ಹತ್ತು ಜನರ ಪಾಲೆಷ್ಟು, ಬಾಡಿಗೆ ಕರಾರು ಇನ್ನೆಷ್ಟು ವರ್ಷಕ್ಕಿದೆ, ಪರವಾನಗಿ ಯಾರ ಹೆಸರಿನಲ್ಲಿದೆ, ಕಲಾವಿದರಿಗೆ ಕೊಡಬೇಕಾದ ಬಾಕಿ ಎಷ್ಟಿದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಗಂಟೆವಾರು ವರದಿ ಕೈಗೆ ಬಂದ ಮೇಲೆ ಕ್ಲಬ್ಬಿನ ಹೆಸರು ಅಳಿಸಿ ಅಂಕಿಗಳನ್ನು ಇಲ್ಲಿ ಹಾಕಿದರೆ, ಹಣ ಹಾಕಬಹುದೇ ಎಂದು ನೋಡಿ ಹೇಳುತ್ತೇನೆ.